ಉಗ್ಗುವ ಮಗನಿಗೇ ‘ಉಗ್ಗ’ನ ಪಾತ್ರ ಕೊಟ್ಟಿದ್ದಾರೆ, ಬೇಡ ಅನ್ನಲಾ?

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ನಾಲ್ಕನೇ ವಯಸ್ಸಿನಿಂದ ಉಗ್ಗುತ್ತಾನೆ. ಟಿವಿಯ ಒಂದು ಕಾಮಿಡಿ ಶೋನಲ್ಲಿ ಉಗ್ಗುವ ಪಾತ್ರ ಬರುತ್ತದೆ. ಕ್ಲಾಸಿನ ಹುಡುಗರು ಅವನನ್ನು ಆ ಪಾತ್ರದ ಹೆಸರಿನಿಂದಲೇ ಕರೆಯುತ್ತಾರೆ. ಈಗ ಸ್ಕೂಲ್ ಡೇಗೆ ಅದೇ ಶೋ ನೋಡಿಕೊಂಡು ಒಂದು ಸ್ಕಿಟ್ ಮಾಡಿಸುತ್ತಿದ್ದಾರೆ. ಉಗ್ಗನೊಬ್ಬ ದಿನಸಿ ಅಂಗಡಿಗೆ ಬಂದು ಸಕ್ಕರೆ ಕೇಳುತ್ತಾನೆ. ‘ಸ, ಸ’ ಅನ್ನುತ್ತಿದ್ದ ಹಾಗೆ ಅಂಗಡಿಯವನು ಸಾಸಿವೆ, ಸಬ್ಬಕ್ಕಿ, ಸೋಪು ಅಂತ ಒಂದೊಂದೇ ಕೊಡುತ್ತಾ ಹೋಗುತ್ತಾನೆ. ಕೊನೆಗೆ ಉಗ್ಗ ಅಳುತ್ತಾ ಓಡಿಹೋಗುತ್ತಾನೆ. ಟೀಚರ್ ಆ ಪಾತ್ರವನ್ನು ನನ್ನ ಮಗನಿಗೇ ಕೊಟ್ಟಿದ್ದಾರೆ, ‘ಅವನಿಗೆ ಸಲೀಸು’ ಅಂತ. ಅವನು ಕುಣಿಯುತ್ತಾ ಮನೆಗೆ ಬಂದ. ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಾನೆ. ವಿಚಿತ್ರ ಅಂದರೆ, ಆ ಡೈಲಾಗ್ ಹೇಳುವಾಗ ಎಲ್ಲಿ ಬೇಕೋ ಅಲ್ಲಿ ಮಾತ್ರ ಉಗ್ಗುತ್ತಾನೆ, ಬೇರೆಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನನ್ನ ಗಂಡ ‘ಸುಮ್ನೆ ಕಾಮಿಡಿ, ದೊಡ್ಡದು ಮಾಡಬೇಡ’ ಅನ್ನುತ್ತಾರೆ. ಅತ್ತೆಗೆ ಆಕ್ಟಿಂಗ್ ಮಾಡಿ ಮಾಡಿ ಉಗ್ಗು ಜಾಸ್ತಿಯಾದೀತು ಅನ್ನುವ ಭಯ. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ. ಪಾತ್ರ ಬೇಡ ಅನ್ನಲಾ? ಚಾನೆಲ್ ಮೇಲೆ ದೂರು ಕೊಡಲಾ? ಮನೆಯಲ್ಲಿ ಟಿವಿ ನಿಲ್ಲಿಸಿಬಿಡಲಾ? ಅಥವಾ ನಾನೇ ಅತಿ ಮಾಡುತ್ತಿದ್ದೇನಾ?
ಓದುಗರು, ತಿಪಟೂರು

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಸಂಕಟ ಕಂಡಿತು. ಎರಡನೇ ಸಲ ‘ಕುಣಿಯುತ್ತಾ ಮನೆಗೆ ಬಂದ’ ಅನ್ನುವ ಮಾತು ಕಂಡಿತು. ಎರಡನ್ನೂ ಇಟ್ಟುಕೊಂಡೇ ಉತ್ತರ ಕೊಡಬೇಕು. ನೀವು ಅತಿ ಮಾಡುತ್ತಿಲ್ಲ. ಹಾಗೆಯೇ ನಿಮ್ಮ ಮಗನ ಖುಷಿಯೂ ಸುಳ್ಳಲ್ಲ. ಸ್ಟೇಜ್ ಹತ್ತುವ ಆಸೆ ಇರುವ, ಉಗ್ಗುವ ಮಗು ಸಿಗುವುದು ಅಪರೂಪ. ಇಪ್ಪತ್ತನಾಲ್ಕು ವರ್ಷದಿಂದ ಸ್ಪೀಚ್ ಥೆರಪಿಸ್ಟ್ ಆಗಿ ಇಂಥ ಮಕ್ಕಳ ಜೊತೆ ಕೂತಿದ್ದೇನೆ. ಆ ಆಸೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಮೊದಲ ಮಾತು.

ನಿಮ್ಮ ಅತ್ತೆಯವರ ಭಯದಿಂದ ಶುರು ಮಾಡೋಣ, ಅದಕ್ಕೆ ಉತ್ತರ ಸುಲಭ. ಉಗ್ಗಿದ ಹಾಗೆ ನಟಿಸಿದರೆ ಉಗ್ಗು ಬರುವುದಿಲ್ಲ, ಇರುವುದು ಜಾಸ್ತಿಯೂ ಆಗುವುದಿಲ್ಲ. ಇನ್ನೊಬ್ಬರನ್ನು ಅಣಕಿಸಿದ್ದಕ್ಕೆ ಅಂಟಿಕೊಂಡಿತು ಅನ್ನುವುದು, ಚಿಕ್ಕಂದಿನಲ್ಲಿ ಹೆದರಿದ್ದಕ್ಕೆ ಬಂತು ಅನ್ನುವುದು, ತಾಯಿ ಗದರಿಸಿದ್ದಕ್ಕೆ ಬಂತು ಅನ್ನುವುದು, ಇವು ಯಾವುವೂ ನಿಜವಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ ಶುರುವಾಗುತ್ತದೆ. ಮಾತಿನ ಒಂದೊಂದು ಸದ್ದನ್ನೂ ಸರಿಯಾದ ಕ್ಷಣಕ್ಕೆ ಹೊರಡಿಸುವ ಕೆಲಸ ಮಿದುಳಿನದು. ಆ ಹೊಂದಾಣಿಕೆ ಈ ಮಕ್ಕಳಲ್ಲಿ ಸ್ವಲ್ಪ ಬೇರೆ ರೀತಿ ನಡೆಯುತ್ತದೆ. ಅದರಲ್ಲಿ ವಂಶದ ಪಾಲೂ ಇದೆ. ಮನೆಯಲ್ಲಿ ಕೇಳಿ ನೋಡಿ, ಎರಡು ಕಡೆಯಲ್ಲಿ ಯಾರೋ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಉಗ್ಗುತ್ತಿದ್ದ ಮಾತು ಹೊರಬರಬಹುದು. ನಾಲಿಗೆ ದಪ್ಪ ಇರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಹೋಗುವುದಿಲ್ಲ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೂ ಹೋಗುವುದಿಲ್ಲ. ಬಾಯಲ್ಲಿ ಗೋಲಿ ಇಟ್ಟುಕೊಂಡು ಮಾತಾಡಿಸುವುದಂತೂ ಅಪಾಯ, ಗಂಟಲಿಗೆ ಸಿಕ್ಕಿಕೊಂಡೀತು.

ಮಕ್ಕಳಲ್ಲಿ ಸುಮಾರು ನೂರಕ್ಕೆ ಐವರು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಿಗೆ. ಅವರಲ್ಲಿ ಗಂಡಸರೇ ಜಾಸ್ತಿ. ನಿಮ್ಮ ಮಗನಿಗೆ ನಾಲ್ಕಕ್ಕೆ ಶುರುವಾಗಿ ಹತ್ತರವರೆಗೂ ಉಳಿದಿದೆ. ಹಾಗಾಗಿ ಪೂರ್ತಿ ಹೋಗಿಬಿಡುತ್ತದೆ ಅಂತ ನಾನು ಮಾತು ಕೊಡಲಾರೆ. ಥೆರಪಿಯಿಂದ ಮಾತು ಹಗುರ ಆಗುತ್ತದೆ, ತಿಣುಕಾಟ ಕಡಿಮೆ ಆಗುತ್ತದೆ. ಉಗ್ಗು ಇದ್ದೂ ಧೈರ್ಯವಾಗಿ ಮಾತಾಡುವುದನ್ನು ಅವನು ಕಲಿಯುತ್ತಾನೆ. ಇಷ್ಟು ಖಂಡಿತ.

ಡೈಲಾಗ್ ಹೇಳುವಾಗ ಸಿಕ್ಕಿಕೊಳ್ಳುವುದಿಲ್ಲ ಅಂದಿರಲ್ಲ, ಅದು ವಿಚಿತ್ರವೇನಲ್ಲ. ಹಾಡುವಾಗ, ನಾಲ್ಕು ಜನರ ಜೊತೆ ಸೇರಿ ಓದುವಾಗ, ಬೇರೊಬ್ಬರ ವೇಷದಲ್ಲಿ ಮಾತಾಡುವಾಗ ಉಗ್ಗುವವರ ಮಾತು ಅನೇಕ ಸಲ ಸರಾಗವಾಗಿ ಹರಿಯುತ್ತದೆ. ಇದನ್ನು ಟೀಚರ್‌ಗೆ ಮೊದಲೇ ಹೇಳಿಡಿ. ‘ಸ್ಟೇಜ್ ಮೇಲೆ ಮಾತು ಸಲೀಸಾಗಿ ಬರುತ್ತದೆ, ಕ್ಲಾಸಲ್ಲಿ ಬರುವುದಿಲ್ಲ ಅಂದರೆ ಬೇಕಂತಲೇ ಮಾಡುತ್ತಾನೆ’ ಅನ್ನುವ ಮಾತು ಆಮೇಲೆ ಬಂದೇ ಬರುತ್ತದೆ. ನಾನು ನೂರು ಸಲ ಕೇಳಿದ್ದೇನೆ.

ಇನ್ನು ನಿಮ್ಮ ಯಜಮಾನರ ಮಾತು, ‘ಸುಮ್ನೆ ಕಾಮಿಡಿ’. ಅವರು ಮಗನ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳುತ್ತಿದ್ದಾರೆ. ಹಗುರ ಮಾಡಿದರೆ ಹಗುರ ಆಗುತ್ತದೆ ಅನ್ನುವ ನಂಬಿಕೆ. ನಗು ಕೆಟ್ಟದ್ದು ಅಂತ ನಾನೂ ಹೇಳುವುದಿಲ್ಲ. ಥೆರಪಿ ಕೋಣೆಯಲ್ಲಿ ಉಗ್ಗಿನ ಬಗ್ಗೆ ನಾವು ಹೊಟ್ಟೆ ಹಿಡಿದುಕೊಂಡು ನಗುವ ದಿನಗಳಿವೆ. ಆದರೆ ಟಿವಿ, ಸಿನಿಮಾದಲ್ಲಿ ಕಾಣುವ ಉಗ್ಗು ಎಲ್ಲಿಂದ ಬಂತು ಅನ್ನುವುದನ್ನು ಒಂದು ಕ್ಷಣ ನೋಡೋಣ.

ಪೋರ್ಕಿ ಪಿಗ್ ಅನ್ನುವ ಹಂದಿಯ ಕಾರ್ಟೂನ್ ನಿಮಗೆ ಗೊತ್ತಿರಬಹುದು. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಪಾತ್ರ. ಅದಕ್ಕೆ ಮೊದಲು ದನಿ ಕೊಟ್ಟವರು ಜೋ ಡೋಹರ್ಟಿ. ಅವರು ನಿಜವಾಗಿಯೂ ಉಗ್ಗುತ್ತಿದ್ದರು. ಆದರೆ ನಿಜವಾದ ಉಗ್ಗು ಯಾರ ಹಿಡಿತಕ್ಕೂ ಸಿಗುವುದಿಲ್ಲ. ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹೇಳಲಾಗುವುದಿಲ್ಲ. ರೆಕಾರ್ಡಿಂಗ್ ಎಳೆಯುತ್ತಾ ಹೋಯಿತು. 1937ರಲ್ಲಿ ಅವರನ್ನು ತೆಗೆದು, ಉಗ್ಗದ ಮೆಲ್ ಬ್ಲಾಂಕ್ ಕೈಯಲ್ಲಿ ಅದೇ ಉಗ್ಗನ್ನು ಆಡಿಸಿದರು. ಅದು ಜಗತ್ತಿಗೆಲ್ಲ ಗೊತ್ತಾಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ. ಪರದೆಗೆ ಬೇಕಾಗಿದ್ದು ಉಗ್ಗುವ ಮನುಷ್ಯ ಅಲ್ಲ. ಸರಿಯಾದ ಜಾಗದಲ್ಲಿ ನಗು ಹುಟ್ಟಿಸುವ ಸದ್ದು ಬೇಕಿತ್ತು, ಅಷ್ಟೇ.

ನಮ್ಮಲ್ಲೂ ಹಾಗೆಯೇ. ಕಾಮಿಡಿ ಬರೆಯುವವರಿಗೆ ವಾರವಾರವೂ ಹೊಸ ನಗು ಬೇಕು. ಪಾತ್ರವನ್ನು ಬೆಳೆಸಿ ನಗಿಸಲು ಹೊತ್ತು ಬೇಕು. ಉಗ್ಗು, ಕಿವುಡು, ಕುಂಟು ಇದ್ದರೆ ಪಾತ್ರ ಬಂದ ಕೂಡಲೇ ಜನ ನಗುತ್ತಾರೆ. ಮಂಗಳೂರು ಕಡೆಯ ಮಾತು, ಉರ್ದು ಬೆರೆತ ಕನ್ನಡ ಮಾತಾಡುವ ಮುಸ್ಲಿಂ ಮೆಕ್ಯಾನಿಕ್, ಚಪ್ಪಾಳೆ ತಟ್ಟುತ್ತಾ ಬರುವ ಮಂಗಳಮುಖಿ, ಇವರೆಲ್ಲ ಪರದೆಗೆ ಬರುವುದೂ ಇದೇ ಬಾಗಿಲಿಂದ. ಅವರ ಮನೆ, ಕೆಲಸ, ಆಸೆ ಯಾವುದೂ ಬೇಕಾಗುವುದಿಲ್ಲ, ಮಾತಿನ ಧಾಟಿ ಒಂದೇ ಸಾಕು. ಬರೆಯುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರ ಕೋಣೆಯಲ್ಲಿ ಉಗ್ಗುವವರು ಒಬ್ಬರೂ ಕೂತಿರುವುದಿಲ್ಲ, ಅದೇ ತೊಂದರೆ.

ನಗುವಿಗಲ್ಲದೆ ಬೇರೆ ಯಾವುದಕ್ಕೆ ಉಗ್ಗನ್ನು ಬಳಸುತ್ತಾರೆ? ಹೆದರುಪುಕ್ಕಲ ಅಂತ ತೋರಿಸಲು, ಸುಳ್ಳು ಹೇಳುತ್ತಿದ್ದಾನೆ ಅಂತ ತೋರಿಸಲು. ತಲೆ ಕೆಟ್ಟವನು ಅಂತ ತೋರಿಸಲೂ ಬಳಸುತ್ತಾರೆ. 1993ರ ಹಿಂದಿ ಚಿತ್ರ ‘ಡರ್’ನಲ್ಲಿ ನಾಯಕಿಯ ಬೆನ್ನು ಬಿದ್ದ ಪ್ರೇಮಿ ಅವಳ ಹೆಸರಿನ ‘ಕಿ’ಗೆ ಸಿಕ್ಕಿಕೊಳ್ಳುತ್ತಾನಲ್ಲ, ಆ ಮಿಮಿಕ್ರಿ ಇವತ್ತಿಗೂ ನಿಂತಿಲ್ಲ. ಆ ಮೇಲೆ ಒಂದು ಪವಾಡದ ಬಗೆ ಇದೆ. ಪ್ರೀತಿ ಸಿಕ್ಕಿತು, ಇಲ್ಲವೇ ತಲೆಗೆ ಪೆಟ್ಟು ಬಿತ್ತು, ತಕ್ಷಣ ಮಾತು ಹೊಳೆಯ ಹಾಗೆ ಹರಿಯಿತು. ನನಗೆ ಹಾಸ್ಯಕ್ಕಿಂತ ಇದರ ಮೇಲೆ ಸಿಟ್ಟು ಜಾಸ್ತಿ. ಮಗನ ಕೆನ್ನೆಗೆ ಬಾರಿಸಿದರೆ ಸರಿಹೋಗಬಹುದು ಅಂತ ನಂಬಿ ಬಾರಿಸಿದ ತಂದೆಯೊಬ್ಬರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಕೆಲವು ವರ್ಷದ ಹಿಂದೆ ಒಂದು ಸೀರಿಯಲ್‌ನ ಬರಹಗಾರರು ನನಗೆ ಫೋನ್ ಮಾಡಿದ್ದರು. ನಟನಿಗೆ ‘ನೈಜವಾಗಿ’ ಉಗ್ಗುವುದನ್ನು ಕಲಿಸಿಕೊಡಬೇಕಂತೆ. ಸ್ಕ್ರಿಪ್ಟ್ ಕಳಿಸಿ ಅಂದೆ, ಪಾಪ, ಕಳಿಸಿದರು. ಪೆನ್ಸಿಲ್ ಹಿಡಿದು ಕೂತೆ. ಆ ಪಾತ್ರಕ್ಕೆ ಹನ್ನೊಂದು ದೃಶ್ಯ ಇತ್ತು. ಹನ್ನೊಂದರಲ್ಲಿ ಒಂದು ಕಡೆಯೂ ಅವನಿಗೆ ಒಂದು ವಾಕ್ಯ ಪೂರ್ತಿ ಮಾಡಲು ಬಿಟ್ಟಿರಲಿಲ್ಲ. ಪ್ರತಿ ಸಲ ಯಾರೋ ಬಾಯಿ ಹಾಕುತ್ತಾರೆ, ಜನ ನಗುತ್ತಾರೆ, ದೃಶ್ಯ ಮುಗಿಯುತ್ತದೆ. ‘ಇವನು ಏನು ಹೇಳಬೇಕು ಅಂತಿದ್ದ?’ ಅಂತ ಕೇಳಿದೆ. ಅವರು ಸುಮ್ಮನಾದರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಆಮೇಲೆ ಎರಡು ದೃಶ್ಯ ಬದಲಾಯಿಸಿದರು. ಅಂದಿನಿಂದ ನನ್ನ ಅಳತೆಗೋಲು ಇದೊಂದೇ. ಪಾತ್ರ ಉಗ್ಗುತ್ತದೋ ಇಲ್ಲವೋ ಅಂತ ನೋಡುವುದಿಲ್ಲ. ಅದಕ್ಕೆ ಮಾತು ಮುಗಿಸಲು ಬಿಟ್ಟರಾ ಅಂತ ನೋಡುತ್ತೇನೆ.

ಯಾಕೆ ಅಂದರೆ, ಟಿವಿ ನೋಡಿ ಪಾಠ ಕಲಿಯುವವರು ಉಗ್ಗುವ ಮಕ್ಕಳು ಮಾತ್ರ ಅಲ್ಲ, ಅವರ ಸುತ್ತ ಇರುವ ಮಕ್ಕಳೂ ಕಲಿಯುತ್ತಾರೆ. ಎದುರಿನವನು ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ಹತ್ತು ವರ್ಷದ ಹುಡುಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಟಿವಿ ಹೇಳಿಕೊಡುತ್ತದೆ. ಬಾಯಿ ಹಾಕು, ಅಕ್ಕಪಕ್ಕದವರ ಮುಖ ನೋಡು, ನಗು. ನಿಮ್ಮ ಮಗನ ಕ್ಲಾಸಿನವರು ಅದನ್ನೇ ಮಾಡುತ್ತಿದ್ದಾರೆ. ಅವರಿಗೆ ಇನ್ನೊಂದು ದಾರಿ ಕಂಡಿಲ್ಲ. ನಮ್ಮ ರಾಜ್ಯದಲ್ಲಿ ನೂರಕ್ಕೆ ಒಬ್ಬರಂತೆ ಲೆಕ್ಕ ಹಾಕಿದರೂ ಉಗ್ಗುವವರು ಆರು ಲಕ್ಷಕ್ಕೆ ಕಡಿಮೆ ಇಲ್ಲ. ಬ್ಯಾಂಕಲ್ಲಿ ಇದ್ದಾರೆ, ಹೊಲದಲ್ಲಿ ಇದ್ದಾರೆ, ಕೋರ್ಟಲ್ಲಿ ವಾದ ಮಾಡುತ್ತಾರೆ, ಪಾಠ ಹೇಳುತ್ತಾರೆ. ಪರದೆಯ ಮೇಲೆ ಉಗ್ಗುವ ಮೇಷ್ಟ್ರನ್ನು, ಉಗ್ಗುವ ಡಾಕ್ಟರನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಉಗ್ಗುವ ಮಗುವಿಗೆ ಆಗುವ ನಷ್ಟ ಬೇರೆ ಥರದ್ದು. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗವೊಂದು ನಡೆಯಿತು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ‘ನೀನು ಉಗ್ಗುತ್ತೀಯ, ತಪ್ಪು ಮಾಡುತ್ತೀಯ’ ಅಂತ ಹೇಳುತ್ತಾ ಹೋದರು. ಆ ಮಕ್ಕಳು ಉಗ್ಗುವವರಾಗಲಿಲ್ಲ. ಆದರೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು. ತುಂಬಾ ಕ್ರೂರ ಕೆಲಸ. ಅಯೋವಾ ವಿಶ್ವವಿದ್ಯಾಲಯ 2001ರಲ್ಲಿ ಅದಕ್ಕೆ ಕ್ಷಮೆ ಕೇಳಿತು. ನಾನು ಹೇಳಲು ಹೊರಟಿದ್ದು ಇಷ್ಟೇ, ಅಣಕದಿಂದ ಉಗ್ಗು ಬರುವುದಿಲ್ಲ, ಮೌನ ಬರುತ್ತದೆ. ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು ನನ್ನಲ್ಲಿಗೆ ಬರುತ್ತಾರೆ. ಹೋಟೆಲಿನಲ್ಲಿ ದೋಸೆ ಬೇಕಿದ್ದರೂ ‘ದ’ ಕಷ್ಟ ಅಂತ ಇಡ್ಲಿ ಹೇಳುತ್ತಾರೆ. ಬೇರೆಲ್ಲ ಪದಕ್ಕೂ ಬದಲಿ ಪದ ಹುಡುಕಿಕೊಳ್ಳಬಹುದು, ತಮ್ಮ ಹೆಸರಿಗೆ ಮಾತ್ರ ಬದಲಿ ಇಲ್ಲ. ಅದಕ್ಕೇ ಹಾಜರಿ ಕೂಗುವ ಹೊತ್ತು ಅವರಿಗೆ ದಿನದ ದೊಡ್ಡ ಕಷ್ಟ.

ಹಾಗಂತ ಉಗ್ಗುವ ಪಾತ್ರಗಳೇ ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಪರದೆಯಿಂದ ಅಳಿಸಿಬಿಟ್ಟರೆ ನಿಮ್ಮ ಮಗ ತಾನೊಬ್ಬನೇ ಹೀಗೆ ಅಂದುಕೊಳ್ಳುತ್ತಾನೆ. 1988ರ ಒಂದು ಇಂಗ್ಲಿಷ್ ಕಾಮಿಡಿ ಚಿತ್ರದಲ್ಲಿ ಮೈಕಲ್ ಪೇಲಿನ್ ಉಗ್ಗುವ ಪಾತ್ರ ಮಾಡಿದರು. ಆ ಪಾತ್ರಕ್ಕೆ ಸಿಕ್ಕ ನಗು ಉಗ್ಗುವವರಲ್ಲಿ ಹಲವರಿಗೆ ನೋವು ಕೊಟ್ಟಿತು. ಆದರೆ ಪೇಲಿನ್ ಅವರ ತಂದೆಯೇ ಉಗ್ಗುತ್ತಿದ್ದರು. ಮಗ ಅದನ್ನು ನೋಡುತ್ತಲೇ ಬೆಳೆದಿದ್ದರು. 1993ರಲ್ಲಿ ಲಂಡನ್ನಿನಲ್ಲಿ ಉಗ್ಗುವ ಮಕ್ಕಳಿಗಾಗಿ ಒಂದು ಕೇಂದ್ರ ಶುರುವಾಯಿತು. ಅದಕ್ಕೆ ಅವರದೇ ಹೆಸರಿದೆ, ಇವತ್ತಿಗೂ ನಡೆಯುತ್ತಿದೆ. ನೋಯಿಸಿದ ಪಾತ್ರದಿಂದಲೂ ಒಳ್ಳೆಯ ಕೆಲಸ ಹುಟ್ಟಬಹುದು. ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಉಗ್ಗುತ್ತಿದ್ದರು. 2010ರಲ್ಲಿ ಬಂದ ಅವರ ಕಥೆಯ ಚಿತ್ರಕ್ಕೆ ಚಿತ್ರಕಥೆ ಬರೆದು ಆಸ್ಕರ್ ಪಡೆದ ಡೇವಿಡ್ ಸೈಡ್ಲರ್ ಚಿಕ್ಕಂದಿನಲ್ಲಿ ತಾವೇ ಉಗ್ಗುತ್ತಿದ್ದವರು. ಅನುಭವಿಸಿದವರು ಬರೆದಾಗ ಆಗುವ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಸಿಕ್ಕಿಕೊಂಡ ಕ್ಷಣ ಎಷ್ಟು ಉದ್ದವೋ ಅಷ್ಟು ಹೊತ್ತೂ ಕ್ಯಾಮೆರಾ ಕಾಯುತ್ತದೆ.

ಈ ನಗುವಿನ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ, ಅದೂ ಉಗ್ಗಿನ ಮಾತು ಸೇರಿಯೇ. 2023ರ ‘ಆಂಖ್ ಮಿಚೋಲಿ’ ಅನ್ನುವ ಹಿಂದಿ ಚಿತ್ರದಲ್ಲಿ ಉಗ್ಗುವ ಪಾತ್ರವನ್ನು ‘ಸಿಕ್ಕಿಕೊಂಡ ಕ್ಯಾಸೆಟ್’ ಅಂತ ಕರೆದಿದ್ದರು. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ನಿಪುಣ್ ಮಲ್ಹೋತ್ರಾ ಕೋರ್ಟಿಗೆ ಹೋದರು. 2024ರ ಜುಲೈ 8ರಂದು ತೀರ್ಪು ಬಂತು. ಕೋರ್ಟು ಸೆನ್ಸಾರ್ ಮಂಡಳಿಯ ತೀರ್ಮಾನಕ್ಕೆ ಕೈ ಹಾಕಲಿಲ್ಲ. ಆದರೆ ಎರಡು ಬಗೆಯ ಹಾಸ್ಯವನ್ನು ಬೇರೆ ಮಾಡಿ ಹೇಳಿತು. ಅಂಗವಿಕಲರನ್ನು ಕೀಳು ಮಾಡಿ ನಗಿಸುವುದು ಒಂದು. ಅವರ ಬದುಕನ್ನು ಅರ್ಥ ಮಾಡಿಸುತ್ತಾ, ನಮ್ಮ ತಪ್ಪು ನಂಬಿಕೆಯನ್ನು ಅಲ್ಲಾಡಿಸುತ್ತಾ ನಗಿಸುವುದು ಇನ್ನೊಂದು. ಇಂಥ ಪಾತ್ರ ಬರೆಯುವ ಮೊದಲು ಅಂಥವರ ಜೊತೆ ಮಾತಾಡಿ, ಅವರನ್ನು ಬಿಟ್ಟು ಅವರ ಬಗ್ಗೆ ತೀರ್ಮಾನ ಬೇಡ ಅಂತಲೂ ಹೇಳಿತು. 2025ರಲ್ಲಿ ಅಂಗವಿಕಲರ ಬಗ್ಗೆ ಜೋಕ್ ಮಾಡಿದ ಕೆಲವು ಸ್ಟ್ಯಾಂಡ್ ಅಪ್ ಹಾಸ್ಯಗಾರರಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಅಂತಲೂ ಸುಪ್ರೀಂ ಕೋರ್ಟ್ ಹೇಳಿತ್ತು.

ಈಗ ನಿಮ್ಮ ಸ್ಕಿಟ್‌ಗೆ ಬರೋಣ. ಆ ಎರಡು ಹಾಸ್ಯದ ನಡುವಿನ ಗೆರೆ ನಿಮ್ಮ ಮಗನ ಸ್ಕೂಲಿನ ಸ್ಟೇಜ್ ಮೇಲೇ ಇದೆ.

ಪಾತ್ರ ಬೇಡ ಅಂತ ನೀವೇ ಹೇಳಿಬಿಡಬಹುದು. ಅವತ್ತಿನ ಮಟ್ಟಿಗೆ ನಿಮಗೆ ನೆಮ್ಮದಿ. ಆದರೆ ಕುಣಿಯುತ್ತಾ ಬಂದ ಹುಡುಗನಿಗೆ ಏನು ಅನ್ನಿಸುತ್ತದೆ? ‘ನಾನು ಉಗ್ಗುವುದನ್ನು ನಾಲ್ಕು ಜನ ನೋಡಿದರೆ ಅಮ್ಮನಿಗೆ ಅವಮಾನ’ ಅಂತ ತಾನೇ? ಬಂದ ಪಾತ್ರ ಹೋಯಿತು, ಜೊತೆಗೆ ಗುಟ್ಟು ಮಾಡುವ ಅಭ್ಯಾಸ ಬಂತು. ಇದ್ದ ಹಾಗೆಯೇ ಮಾಡಲು ಬಿಟ್ಟರೆ ಅಪಾಯ ಇನ್ನೊಂದು ಕಡೆ. ಈಗ ಕ್ಲಾಸಿನ ನಾಲ್ಕೈದು ಹುಡುಗರು ಕರೆಯುವ ಅಡ್ಡಹೆಸರಿಗೆ ಇಡೀ ಸ್ಕೂಲಿನ, ಅಪ್ಪ ಅಮ್ಮಂದಿರ ಚಪ್ಪಾಳೆಯ ಮುದ್ರೆ ಬೀಳುತ್ತದೆ. ಮಾರನೇ ದಿನ ಅವನು ‘ನನ್ನನ್ನು ಹಾಗೆ ಕರೆಯಬೇಡಿ’ ಅಂದರೆ, ‘ನೀನೇ ಮಾಡಿದೆಯಲ್ಲ’ ಅನ್ನುತ್ತಾರೆ. ಜನ ನಗುತ್ತಿರುವಾಗ ಅವನಿಗೆ ನಿಜವಾಗಿಯೂ ಖುಷಿ ಆಗಬಹುದು. ಮಕ್ಕಳು ಬುದ್ಧಿವಂತರು. ಹೇಗೂ ನಗುತ್ತಾರೆ, ನಾನೇ ನಗಿಸಿಬಿಟ್ಟರೆ ನೋವು ಕಡಿಮೆ ಅಂತ ಕಂಡುಕೊಂಡಿರುತ್ತಾರೆ.

ನಾನಾಗಿದ್ದರೆ ಸ್ಕಿಟ್ಟಿನ ಕೊನೆ ಬದಲಾಯಿಸಿ ಅಂತ ಕೇಳುತ್ತಿದ್ದೆ. ಅಂಗಡಿ ಅದೇ ಇರಲಿ, ಸಾಸಿವೆ, ಸಬ್ಬಕ್ಕಿ, ಸೋಪು ಎಲ್ಲ ಇರಲಿ. ಗಿರಾಕಿ ಉಗ್ಗಲಿ. ಅಂಗಡಿಯವನಿಗೆ ತಾಳ್ಮೆ ಇಲ್ಲ, ಮಾತು ಮುಗಿಯುವ ಮೊದಲೇ ಓಡಿ ಓಡಿ ಒಂದೊಂದೇ ತಂದು ರಾಶಿ ಹಾಕುತ್ತಾನೆ. ಏದುಸಿರು ಬಿಡುತ್ತಾನೆ. ಗಿರಾಕಿ ಓಡಿಹೋಗುವುದಿಲ್ಲ. ಕೈ ಕಟ್ಟಿ ನಿಂತು ನೋಡುತ್ತಾನೆ. ಎಲ್ಲ ಮುಗಿದ ಮೇಲೆ, ‘ಸ...ಸ...ಸಕ್ಕರೆ ಕಾಲು ಕೆಜಿ. ಇದನ್ನೆಲ್ಲ ನೀವೇ ಒಳಗಿಡಿ’ ಅನ್ನುತ್ತಾನೆ. ಜನ ನಗುತ್ತಾರೆ, ನನಗೆ ಅನುಮಾನವೇ ಇಲ್ಲ. ಈಗಿನದಕ್ಕಿಂತ ಜಾಸ್ತಿ ನಗುತ್ತಾರೆ. ಆದರೆ ನಗು ಬೀಳುವುದು ಕಾಯಲು ಬಾರದವನ ಮೇಲೆ. ನಿಮ್ಮ ಮಗ ಮಾತು ಮುಗಿಸಿ ಸ್ಟೇಜಿಂದ ಇಳಿಯುತ್ತಾನೆ.

ಇದರಲ್ಲೂ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಆ ಕೊನೆಯ ಮಾತಿನಲ್ಲಿ ನಟನೆಯ ಉಗ್ಗಿನ ಬದಲು ನಿಜವಾದದ್ದೇ ಬಂದು, ಅವನು ನಾಲ್ಕೈದು ಸೆಕೆಂಡ್ ಪೂರ್ತಿ ನಿಂತುಬಿಡಬಹುದು. ಸ್ಟೇಜ್ ಮೇಲೆ ಅದು ಒಂದು ಗಂಟೆ ಅನ್ನಿಸುತ್ತದೆ. ಅದಕ್ಕೆ ಅಂಗಡಿಯವನ ಪಾತ್ರದ ಹುಡುಗನಿಗೆ ಕಾಯುವುದನ್ನು ಅಭ್ಯಾಸ ಮಾಡಿಸಿ. ಬಾಯಿ ಹಾಕಬಾರದು, ಮುಖ ನೋಡುತ್ತಾ ನಿಲ್ಲಬೇಕು. ಪರದೆಯ ಹಿಂದಿನಿಂದ ಟೀಚರ್ ಪಿಸುಗುಡಬಾರದು. ಬೇಕಾದರೆ ರಿಹರ್ಸಲ್‌ನಲ್ಲಿ ಬೇಕಂತಲೇ ಹಾಗೆ ನಿಂತು ನೋಡಲಿ. ನಿಂತರೂ ಏನೂ ಆಗುವುದಿಲ್ಲ ಅಂತ ಒಮ್ಮೆ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಇನ್ನೊಂದು ದಾರಿಯೂ ಹೊಳೆಯುತ್ತಿದೆ. ಅವನೇ ಅಂಗಡಿಯವನಾಗಲಿ. ಮಾತು ಮುಗಿಯುವ ಮೊದಲೇ ಬಾಯಿ ಹಾಕುವವರು ಹೇಗಿರುತ್ತಾರೆ ಅಂತ ಅವನಷ್ಟು ಚೆನ್ನಾಗಿ ಆ ಕ್ಲಾಸಿನಲ್ಲಿ ಬೇರೆ ಯಾರಿಗೆ ಗೊತ್ತು? ನಡುವೆ ಉಗ್ಗಿದರೆ ಉಗ್ಗಲಿ. ಅಂಗಡಿಯವರೂ ಉಗ್ಗುತ್ತಾರೆ.

ಯಾವುದು ಅಂತ ಅವನೇ ಆರಿಸಿಕೊಳ್ಳಲಿ. ಮೊದಲು ಅವನನ್ನು ಕೂರಿಸಿಕೊಂಡು ಕೇಳಿ. ‘ಈ ಸ್ಕಿಟ್ ನೋಡಿ ಜನ ಯಾಕೆ ನಗುತ್ತಾರೆ ಅನ್ನಿಸುತ್ತದೆ? ಆ ಹುಡುಗ ಅಳುತ್ತಾ ಓಡಿಹೋಗುವುದು ನಿನಗೆ ಇಷ್ಟನಾ? ನೀನು ಬರೆದಿದ್ದರೆ ಹೇಗೆ ಮುಗಿಸುತ್ತಿದ್ದೆ?’ ಉಗ್ಗು ಅನ್ನುವ ಪದವನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಮನೆಗಳಲ್ಲಿ ಆ ಪದವನ್ನೇ ಆಡುವುದಿಲ್ಲ, ‘ಅವನಿಗೆ ಸ್ವಲ್ಪ ಹಾಗೆ’ ಅನ್ನುತ್ತಾರೆ. ಮಗುವಿಗೆ ಅದು ಹೆಸರಿಡಲೂ ಆಗದಷ್ಟು ಕೆಟ್ಟದ್ದು ಅನ್ನಿಸಿಬಿಡುತ್ತದೆ. ಅವನು ನಿಮ್ಮ ಹತ್ತಿರ ಮಾತಾಡುವಾಗ ನೀವೂ ಪದ ಮುಗಿಸಿಕೊಡಬೇಡಿ, ‘ನಿಧಾನ, ಉಸಿರು ತೆಗೆದುಕೋ’ ಅಂತಲೂ ಹೇಳಬೇಡಿ. ಪ್ರೀತಿಯಿಂದ ಹೇಳಿದರೂ ಅದು ಬಾಯಿ ಹಾಕಿದ ಹಾಗೆಯೇ.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಅವರು ಅವನನ್ನು ಬಿಟ್ಟುಬಿಡದೆ ಪಾತ್ರ ಕೊಟ್ಟಿದ್ದಾರೆ, ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳಿ. ಆಮೇಲೆ ಬದಲಾದ ಕೊನೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಕೆಲಸದ ಒತ್ತಡದಲ್ಲಿ ಇರುವವರಿಗೆ ಬರೆದದ್ದು ಕೈಗೆ ಸಿಕ್ಕರೆ ಒಪ್ಪುವುದು ಸುಲಭ. ಅಡ್ಡಹೆಸರಿನ ವಿಷಯವನ್ನು ಬೇರೆಯಾಗಿ ಮಾತಾಡಿ. ಅದು ನಿಲ್ಲದಿದ್ದರೆ ಹೆಡ್ ಮೇಷ್ಟ್ರಿಗೆ ಬರೆದು ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೂಡದು ಅನ್ನುತ್ತದೆ. ಮೊದಲೇ ಕಾಯ್ದೆ ತೆಗೆಯಬೇಡಿ, ಗೊತ್ತಿರಲಿ ಅಂತ ಹೇಳಿದೆ. ಹುಡುಗರು ಕರೆದಾಗ ಏನು ಹೇಳಬೇಕು ಅಂತ ಅವನಿಗೆ ಒಂದು ಮಾತು ಕಲಿಸಿಕೊಡಿ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದು: ‘ಹೌದು, ನಾನು ಉಗ್ತೀನಿ. ಸ್ವಲ್ಪ ತಾಳು, ಹೇಳ್ತೀನಿ.’

ಚಾನೆಲ್ ಮೇಲೆ ದೂರು ಕೊಡಬಹುದು, ಕೊಡಿ ಅಂತಲೇ ನನ್ನ ಸಲಹೆ. ಸೆನ್ಸಾರ್ ಮಂಡಳಿಗೆ ಬರೆದು ಪ್ರಯೋಜನವಿಲ್ಲ, ಅದು ನೋಡುವುದು ಸಿನಿಮಾವನ್ನು, ಟಿವಿ ಶೋವನ್ನಲ್ಲ. 2021ರ ನಿಯಮದಂತೆ ದೂರನ್ನು ಮೊದಲು ಚಾನೆಲ್‌ಗೇ ಕೊಡಬೇಕು. ದೂರು ಬಂದಿದೆ ಅಂತ ಚಾನೆಲ್‌ನವರು 24 ಗಂಟೆಯೊಳಗೆ ತಿಳಿಸಿ, 15 ದಿನದೊಳಗೆ ಉತ್ತರ ಕೊಡಬೇಕು. ಸಮಾಧಾನ ಆಗದಿದ್ದರೆ ಚಾನೆಲ್‌ಗಳು ತಾವೇ ಕಟ್ಟಿಕೊಂಡಿರುವ ಮಂಡಳಿಗೆ ಮತ್ತೆ 15 ದಿನದೊಳಗೆ ಬರೆಯಬೇಕು. ಮನರಂಜನೆ ಚಾನೆಲ್‌ಗಳಿಗೆ 2011ರಲ್ಲಿ ಶುರುವಾದ ಬಿಸಿಸಿಸಿ ಅನ್ನುವ ಮಂಡಳಿ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು ಅಂತ ಸ್ಪಷ್ಟವಾಗಿ ಬರೆಯಿರಿ. ‘ಶೋ ನಿಲ್ಲಿಸಿ’ ಅನ್ನುವುದಕ್ಕಿಂತ ‘ಆ ಪಾತ್ರಕ್ಕೆ ಮಾತು ಮುಗಿಸಲು ಬಿಡಿ, ಉಗ್ಗುವವರನ್ನು ಕೇಳಿ ಬರೆಯಿರಿ’ ಅಂದರೆ ಓದುವವರಿಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. ತಡವಾಗುತ್ತದೆ, ನಿಮ್ಮ ಸ್ಕೂಲ್ ಡೇ ಒಳಗೆ ಏನೂ ಆಗುವುದಿಲ್ಲ. ದೂರಿನಲ್ಲಿ ಮಗನ ಹೆಸರು, ಸ್ಕೂಲಿನ ಹೆಸರು ಬರೆಯಬೇಡಿ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಬಗ್ಗೆ ಯಾರಾದರೂ ನಿಮಗೆ ಹೇಳಬಹುದು. ಅದರ 92ನೇ ಸೆಕ್ಷನ್‌ನಲ್ಲಿ ಅಂಗವಿಕಲರನ್ನು ಜನರ ಮುಂದೆ ಬೇಕಂತಲೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಮಾತಿನ ತೊಂದರೆಯನ್ನು ಆ ಕಾಯ್ದೆ ವಿವರಿಸುವ ಕಡೆ ಉಗ್ಗಿನ ಹೆಸರಿಲ್ಲ. ನಿಮ್ಮ ಈ ವಿಷಯಕ್ಕೆ ಅದು ತಕ್ಕ ದಾರಿಯೂ ಅಲ್ಲ. ಟಿವಿ ನಿಲ್ಲಿಸುವುದೂ ಅಷ್ಟೇ. ಮನೆಯಲ್ಲಿ ನಿಂತರೂ ಸ್ಕೂಲಿನ ಬಯಲಲ್ಲಿ ನಿಲ್ಲುವುದಿಲ್ಲ. ಜೊತೆಗೆ ಕೂತು ನೋಡಿ, ‘ನೋಡು, ಅವನಿಗೆ ಹೇಳಲು ಬಿಡಲೇ ಇಲ್ಲ ಅಲ್ವಾ?’ ಅಂತ ಒಂದು ಮಾತು ಆಡಿ. ಮಕ್ಕಳು ಬೇಗ ಹಿಡಿಯುತ್ತಾರೆ.

ಥೆರಪಿ ಇನ್ನೂ ಶುರು ಮಾಡಿಲ್ಲದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ. ಹಾಗೆಯೇ, ಉಗ್ಗುವವರೇ ಸೇರಿ ಕಟ್ಟಿಕೊಂಡ ಟೀಸಾ ಅನ್ನುವ ಸಂಘ ಇದೆ. ದೊಡ್ಡವರಾದ, ಕೆಲಸದಲ್ಲಿರುವ, ಇವತ್ತಿಗೂ ಉಗ್ಗುವ ಒಬ್ಬರನ್ನು ನಿಮ್ಮ ಮಗ ನೋಡಬೇಕು. ನನ್ನ ಹತ್ತು ಗಂಟೆಯ ಮಾತಿಗಿಂತ ಅದು ಹೆಚ್ಚು.

ಕೊನೆಗೆ ಒಂದು ಸಣ್ಣ ವಿಷಯ. ಸ್ಕೂಲ್ ಡೇ ರಾತ್ರಿ ಹತ್ತಾರು ಜನ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ. ಸ್ಕೂಲಿನ ಗುಂಪಿಗೂ, ಸ್ಟೇಟಸ್‌ಗೂ ಹೋಗುತ್ತದೆ. ಅವನ ವಿಡಿಯೊ ಹಾಕುವ ಮೊದಲು ಒಂದು ಮಾತು ಕೇಳಿ ಅಂತ ಟೀಚರ್‌ಗೆ ಈಗಲೇ ಹೇಳಿಡಿ. ನೀವು ತೆಗೆದದ್ದನ್ನು ಮನೆಗೆ ಬಂದ ಮೇಲೆ ಅವನ ಜೊತೆ ಕೂತು ನೋಡಿ. ಅಜ್ಜಿಗೆ, ಮಾವನಿಗೆ ಕಳಿಸಲಾ ಅಂತ ಕೇಳಿ. ಅವನು ಹೂಂ ಅಂದರೆ ಕಳಿಸಿ, ಬೇಡ ಅಂದರೆ ನಿಮ್ಮ ಫೋನಲ್ಲೇ ಇರಲಿ.